1987ರ ಟ್ರಿಯೆಸ್ಟೆ ಮತ್ತು ಆ ಪ್ರಿಪ್ರಿಂಟ್ ಕಪಾಟು

ಈಗ ಪಿಎಚ್‌ಡಿ ಮಾಡುತ್ತಿರುವ ಹುಡುಗರು ಕೇಳುತ್ತಿರುತ್ತಾರೆ, "ಸರ್, ಆಗ ಫಾರಿನ್‌ಗೆ ಹೋಗೋದು ಅಂದ್ರೆ ಅಷ್ಟು ದೊಡ್ಡ ವಿಷಯವಾ?" ಅಂತ. ಹೌದಪ್ಪ, ದೊಡ್ಡ ವಿಷಯವೇ. ವಿಮಾನ ಹತ್ತಿದ ಖುಷಿ ಇದ್ದೇ ಇತ್ತು. ಅದಕ್ಕಿಂತ ಜಾಸ್ತಿ ಖುಷಿ ಕೊಟ್ಟದ್ದು, ನಾನು ಓದುವ ವಿಷಯದಲ್ಲಿ ಹೋದ ವಾರ ಏನಾಯಿತು ಅನ್ನುವುದು ಈ ವಾರವೇ ಗೊತ್ತಾಗುವ ಜಾಗದಲ್ಲಿ ಕೂತಿದ್ದೇನೆ ಅನ್ನೋದು.

ನಾನು ಆಗ ಬೆಂಗಳೂರಿನಲ್ಲಿ ಥಿಯರಿ ಮಾಡುತ್ತಿದ್ದ ಭೌತಶಾಸ್ತ್ರದ ವಿದ್ಯಾರ್ಥಿ. 1986ರಲ್ಲಿ ಐಬಿಎಂನ ಜ್ಯೂರಿಕ್ ಪ್ರಯೋಗಾಲಯದ ಬೆಡ್‌ನೋರ್ಟ್ಸ್ ಮತ್ತು ಮುಲ್ಲರ್ ತಾಮ್ರದ ಆಕ್ಸೈಡ್ ಒಂದರಲ್ಲಿ ಸುಮಾರು 30 ಕೆಲ್ವಿನ್‌ನಲ್ಲೇ, ಅಂದರೆ ಸೊನ್ನೆಗಿಂತ ಸುಮಾರು 243 ಡಿಗ್ರಿ ಸೆಲ್ಸಿಯಸ್ ಕೆಳಗೆ, ಸೂಪರ್‌ಕಂಡಕ್ಟಿವಿಟಿ (ವಿದ್ಯುತ್ ಒಂದಿಷ್ಟೂ ಅಡ್ಡಿಯಿಲ್ಲದೆ ಹರಿಯುವ ಗುಣ) ಶುರುವಾಗುವ ಸೂಚನೆ ಕಂಡರು. ಅಲ್ಲಿಯವರೆಗೆ 23 ಕೆಲ್ವಿನ್ ದಾಟಿದ ವಸ್ತುವೇ ಇರಲಿಲ್ಲ. 1987ರ ಶುರುವಿನಲ್ಲಿ ಇಟ್ರಿಯಂ, ಬೇರಿಯಂ, ತಾಮ್ರ ಸೇರಿದ ಇನ್ನೊಂದು ಆಕ್ಸೈಡ್ 90 ಕೆಲ್ವಿನ್ ಕೂಡ ದಾಟಿಬಿಟ್ಟಿತು. ದ್ರವ ಸಾರಜನಕ ಕುದಿಯುವುದು 77 ಕೆಲ್ವಿನ್‌ನಲ್ಲಿ. ಅಂದರೆ ತಣಿಸಲು ದುಬಾರಿ ದ್ರವ ಹೀಲಿಯಂ ಬೇಡ, ಸಾರಜನಕ ಸುರಿದರೆ ಸಾಕು. ಆ ವಸ್ತು ಮಾಡುವ ವಿಧಾನ ಇಷ್ಟೇ: ಪುಡಿಗಳನ್ನು ಅರೆದು, ಬಿಲ್ಲೆ ಮಾಡಿ, ಕುಲುಮೆಯಲ್ಲಿ 900 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಸುಟ್ಟು, ಆಕ್ಸಿಜನ್ ಹಾಯಿಸುತ್ತಾ ನಿಧಾನವಾಗಿ ತಣಿಸುವುದು. ಬೆಂಗಳೂರಿನಲ್ಲೂ ಅದನ್ನು ಮಾಡುತ್ತಿದ್ದರು. ಪ್ರಯೋಗದಲ್ಲಿ ನಾವು ಹಿಂದೆ ಇರಲಿಲ್ಲ. ಹಿಂದೆ ಬಿದ್ದಿದ್ದು ಓದುವುದರಲ್ಲಿ.

ಯಾಕೆ ಅಂದರೆ, ವಿದೇಶಿ ಜರ್ನಲ್‌ಗಳು ಹೆಚ್ಚಾಗಿ ಹಡಗಿನಲ್ಲಿ ಬರುತ್ತಿದ್ದವು. ಅಲ್ಲಿ ಅಚ್ಚಾದದ್ದು ಇಲ್ಲಿ ಕೈಗೆ ಸಿಗುವ ಹೊತ್ತಿಗೆ ತಿಂಗಳುಗಳೇ ಕಳೆದಿರುತ್ತಿದ್ದವು. ಬೇಕಾದ ಪೇಪರ್ ಇದ್ದರೆ ಲೇಖಕರಿಗೇ ಒಂದು ಕಾರ್ಡ್ ಬರೆಯಬೇಕು, "ದಯವಿಟ್ಟು ಒಂದು ರೀಪ್ರಿಂಟ್ (ಅಚ್ಚಾದ ಪೇಪರಿನ ಬಿಡಿ ಪ್ರತಿ) ಕಳಿಸಿ" ಅಂತ. ಕೆಲವರು ಕಳಿಸುತ್ತಿದ್ದರು, ಕೆಲವರಿಂದ ಉತ್ತರವೇ ಇಲ್ಲ. ವಾರಕ್ಕೊಂದು ಹೊಸ ಸಿದ್ಧಾಂತ ಹುಟ್ಟುತ್ತಿದ್ದ ಆ ವರ್ಷದಲ್ಲಿ ಇದು ಎಂಥ ಹಿಂಸೆ ಅಂತ ಅನುಭವಿಸಿದವರಿಗೇ ಗೊತ್ತು.

ಇಟಲಿಯ ಟ್ರಿಯೆಸ್ಟೆಯಲ್ಲಿ ಐಸಿಟಿಪಿ, ಅಂದರೆ ಸೈದ್ಧಾಂತಿಕ ಭೌತಶಾಸ್ತ್ರದ ಅಂತರರಾಷ್ಟ್ರೀಯ ಕೇಂದ್ರ, ಅನ್ನುವ ಸಂಸ್ಥೆ ಇದೆ. ಪಾಕಿಸ್ತಾನದ ಭೌತವಿಜ್ಞಾನಿ ಅಬ್ದುಸ್ ಸಲಾಂ 1964ರಲ್ಲಿ ಕಟ್ಟಿದ್ದು. ಅಲ್ಲಿ ಬೇಸಿಗೆಯಲ್ಲಿ ನಡೆಯುವ ಕಾರ್ಯಕ್ರಮಕ್ಕೆ ಅರ್ಜಿ ಹಾಕು ಅಂತ ನಮ್ಮ ಗೈಡ್ ಹೇಳಿದರು. ಫಾರ್ಮ್ ಟೈಪ್ ಮಾಡಿಸಿ, ಏರ್‌ಮೇಲ್‌ನಲ್ಲಿ ಕಳಿಸಿ, ಸುಮ್ನೆ ಕಾದೆ. ಟಿಕೆಟ್, ದಿನದ ಭತ್ಯೆ ಎರಡೂ ಅವರೇ ಕೊಡುತ್ತೇವೆ ಅಂತ ಪತ್ರ ಬಂತು. ಅದಿಲ್ಲದಿದ್ದರೆ ನಮ್ಮಂಥವರು ಹೋಗುವ ಮಾತೇ ಇರಲಿಲ್ಲ.

ಆಮೇಲೆ ಕಾಗದಪತ್ರದ ಓಡಾಟ. ಕೈಬರಹದ ಪಾಸ್‌ಪೋರ್ಟ್, ಅದರಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹೋಗುವಂತಿಲ್ಲ ಅನ್ನುವ ಷರತ್ತು, ವರ್ಣಭೇದದ ಕಾಲ ಅದು. ರಿಸರ್ವ್ ಬ್ಯಾಂಕಿನ ನಿಯಮ, ಬ್ಯಾಂಕಿನವರು ಕೊಟ್ಟ ಒಂದಿಷ್ಟು ಡಾಲರ್‌ಗಳನ್ನು ಪಾಸ್‌ಪೋರ್ಟಿನ ಹಿಂದಿನ ಪುಟದಲ್ಲಿ ಬರೆದು ಸೀಲು ಒತ್ತುವುದು. ವೀಸಾ, ವಿಮಾನ ಎರಡಕ್ಕೂ ಬಾಂಬೆಗೇ ಹೋಗಬೇಕು. ಮಾಟುಂಗದಲ್ಲಿ ಚಿಕ್ಕಮ್ಮನ ಮನೆ ಇದ್ದದ್ದರಿಂದ ಬಚಾವ್. ಸಹಾರ್ ಏರ್‌ಪೋರ್ಟಿಗೆ ಹೊರಟಾಗ ಅವರು ಸೂಟ್‌ಕೇಸಿನ ಮೂಲೆಯಲ್ಲಿ ಚಟ್ನಿಪುಡಿ ಡಬ್ಬಿ ತುರುಕಿ, "ಅಲ್ಲಿ ಏನು ಸಿಗುತ್ತೋ ಏನೋ, ಇದಿರಲಿ ಕಣೋ" ಅಂದರು.

ರೋಮ್‌ನಲ್ಲಿ ಇಳಿದು ರಾತ್ರಿಯ ರೈಲು ಹಿಡಿದೆ. ವೆನಿಸ್ ಕಡೆ ದಾಟಿ, ಮೊನ್‌ಫಾಲ್ಕೋನೆ ಆದ ಮೇಲೆ ರೈಲು ಸುಣ್ಣದಕಲ್ಲಿನ ಗುಡ್ಡದ ಅಂಚಿನಲ್ಲಿ ಸಾಗುತ್ತದೆ, ಬಲಗಡೆ ಕೆಳಗೆ ಇದ್ದಕ್ಕಿದ್ದಂತೆ ಏಡ್ರಿಯಾಟಿಕ್ ಸಮುದ್ರ. ಆಮೇಲೆ ನೀರಿಗೆ ಚಾಚಿದ ಬಂಡೆಯ ಮೇಲೆ ಮಿರಮಾರೆ ಅನ್ನುವ ಬಿಳಿ ಕೋಟೆ. ಸಂಸ್ಥೆ ಇರುವುದು ಅದರ ಪಕ್ಕದಲ್ಲೇ.

ಊರು ನೋಡುವ ಮುಂಚೆ ನಾನು ನೋಡಿದ್ದು ಲೈಬ್ರರಿ. ಹೊಸ ಪ್ರಿಪ್ರಿಂಟ್‌ಗಳನ್ನು, ಅಂದರೆ ಇನ್ನೂ ಜರ್ನಲಿನಲ್ಲಿ ಬಾರದ ಪೇಪರ್‌ಗಳನ್ನು, ಮುಖ ಕಾಣುವ ಹಾಗೆ ಕಪಾಟಿನಲ್ಲಿ ಜೋಡಿಸಿರುತ್ತಿದ್ದರು. ಪ್ರಿನ್ಸ್‌ಟನ್, ಟೋಕಿಯೊ, ಮಾಸ್ಕೋ, ಬೀಜಿಂಗ್, ಎಲ್ಲ ಒಂದೇ ಸಾಲಿನಲ್ಲಿ. ಸಂಸ್ಥೆಯ ಸ್ವಂತದವುಗಳಿಗೆ ಐಸಿ/87 ಅಂತ ಶುರುವಾಗುವ ನಂಬರು. ಟೈಪ್‌ರೈಟರಿನ ಅಕ್ಷರ, ಗ್ರೀಕ್ ಚಿಹ್ನೆಗಳು ಕೆಲವು ಕಡೆ ಕೈಯಲ್ಲಿ ಬರೆದವು, ಮೂಲೆಯಲ್ಲಿ ಒಂದು ಸ್ಟೇಪಲ್ ಪಿನ್. ಈ ಹೊಸ ಸೂಪರ್‌ಕಂಡಕ್ಟರ್‌ಗಳ ಬಗ್ಗೆ ಪ್ರಿನ್ಸ್‌ಟನ್‌ನ ಭೌತವಿಜ್ಞಾನಿ ಆಂಡರ್ಸನ್ ಅವರ ಹೊಸ ಸಿದ್ಧಾಂತ, ಅದನ್ನು ನಮ್ಮ ಬಾಸ್ಕರನ್ ಅವರು ಝೌ ಮತ್ತು ಆಂಡರ್ಸನ್ ಜೊತೆ ಮುಂದಕ್ಕೆ ಒಯ್ದ ಕೆಲಸ, ಬೆಂಗಳೂರಿನಲ್ಲಿ ಬಾಯಿಮಾತಿನಲ್ಲಿ ಕೇಳಿದ್ದೆನಷ್ಟೆ. ಇಲ್ಲಿ ನಿಂತ ನಿಲುವಿನಲ್ಲೇ ಓದಿದೆ.

ನಾನು ಮಾಡಿಕೊಂಡ ಕ್ರಮ ಇಷ್ಟೇ. ಬೆಳಿಗ್ಗೆ ಉಪನ್ಯಾಸ, ಊಟ ಆದ ಮೇಲೆ ಕಪಾಟು. ಮೊದಲು ಸಾರಾಂಶ ಮತ್ತು ಕೊನೆಯ ಪುಟದ ಉಲ್ಲೇಖಗಳ ಪಟ್ಟಿ ನೋಡುವುದು. ಎಲ್ಲರೂ ಉಲ್ಲೇಖಿಸುತ್ತಿರುವ ಪೇಪರ್ ಯಾವುದೋ ಅದನ್ನು ಝೆರಾಕ್ಸ್ ಮಾಡುವುದು. ಉಳಿದವಕ್ಕೆ ನೋಟ್‌ಬುಕ್ಕಿನಲ್ಲಿ ನಾಲ್ಕು ಸಾಲು: ಏನು ಊಹಿಸಿಕೊಂಡಿದ್ದಾರೆ, ಎಲ್ಲಿಗೆ ಮುಟ್ಟಿದ್ದಾರೆ, ನನಗೆ ಯಾವ ಹೆಜ್ಜೆ ಅರ್ಥವಾಗಲಿಲ್ಲ. ಆ ಮೂರನೇ ಪ್ರಶ್ನೆಯನ್ನು ಇಟ್ಟುಕೊಂಡು ಕಾಫಿ ಬಿಡುವಿನಲ್ಲಿ ಸಿಕ್ಕವರನ್ನು ಹಿಡಿಯುವುದು. ಜುಲೈನಲ್ಲಿ ಈ ಹೊಸ ಸೂಪರ್‌ಕಂಡಕ್ಟರ್‌ಗಳ ಬಗ್ಗೆಯೇ ಅಲ್ಲಿ ಸಮ್ಮೇಳನ ನಡೆಯಿತು, ಆಗಂತೂ ಪೇಪರ್ ಬರೆದವರೇ ಎದುರಿಗೆ ಸಿಗುತ್ತಿದ್ದರು. ಅರ್ಥವಾಗದ್ದನ್ನು ನೇರವಾಗಿ ಕೇಳಿದರೆ ದೊಡ್ಡವರು ಬೇಸರ ಮಾಡಿಕೊಳ್ಳುವುದಿಲ್ಲ, ಕಾಗದ ಎಳೆದುಕೊಂಡು ಬರೆದು ತೋರಿಸುತ್ತಾರೆ. ಇದು ನನಗೆ ಗೊತ್ತಾಗಿದ್ದು ಅಲ್ಲಿ.

ನನ್ನ ಜೊತೆ ಕೋಣೆ ಹಂಚಿಕೊಂಡವನು ಪಾಕಿಸ್ತಾನದವನು. ನನ್ನ ಹಿಂದಿ, ಅವನ ಉರ್ದು, ಎರಡೂ ಸೇರಿ ಚೆನ್ನಾಗಿಯೇ ನಡೆಯಿತು. ಅವನಿಗೂ ಅದೇ ಹಡಗಿನ ಜರ್ನಲ್, ಅದೇ ರೀಪ್ರಿಂಟ್ ಕಾರ್ಡ್. ಝೆರಾಕ್ಸ್ ಕೆಲಸ ಹಂಚಿಕೊಂಡೆವು: ಅವನು ಅರ್ಧ, ನಾನು ಅರ್ಧ, ಪ್ರತಿಯೊಂದಕ್ಕೂ ಎರಡು ಕಾಪಿ. ನಮ್ಮ ದೇಶಗಳಲ್ಲಿದ್ದಿದ್ದರೆ ನಾವು ಭೇಟಿಯಾಗುವ ಸಾಧ್ಯತೆಯೇ ಇರಲಿಲ್ಲ. ಸಲಾಂ ಕೂಡ ಲಾಹೋರಿಗೆ 1951ರಲ್ಲಿ ವಾಪಸ್ ಬಂದು, ಮಾತಾಡಲು ಜೊತೆಗಾರರಿಲ್ಲದೆ ಒಂಟಿಯಾಗಿ, 1954ರಲ್ಲಿ ಮತ್ತೆ ಇಂಗ್ಲೆಂಡಿಗೆ ಹೋದವರು. ಬಡ ದೇಶದ ವಿಜ್ಞಾನಿ ದೇಶ ಬಿಡದೆಯೇ ಆಗಾಗ ಬಂದು ಹೊಸದನ್ನು ಕಲಿತು ಹೋಗಲಿ ಅಂತಲೇ ಅವರು ಈ ಜಾಗ ಕಟ್ಟಿದ್ದು. 1979ರ ನೊಬೆಲ್‌ಗಿಂತ ಇದೇ ಅವರ ದೊಡ್ಡ ಕೆಲಸ ಅಂತ ನನ್ನ ಅಭಿಪ್ರಾಯ, ಇದರಲ್ಲಿ ಎರಡು ಮಾತಿಲ್ಲ.

ದುಡ್ಡಿನ ಲೆಕ್ಕ ಸುಲಭವಾಗಿತ್ತು. ಆ ವರ್ಷ ಹೆಚ್ಚುಕಡಿಮೆ ನೂರು ಲಿರಾಕ್ಕೆ ಒಂದು ರೂಪಾಯಿ, ಎರಡು ಸೊನ್ನೆ ತೆಗೆದರೆ ಮುಗಿಯಿತು. ಫೋನಿಗೆ ಜೆತ್ತೋನೆ ಅನ್ನುವ ಟೋಕನ್, ಒಂದು ಮುಖದಲ್ಲಿ ಒಂದು ಗೀರು, ಇನ್ನೊಂದರಲ್ಲಿ ಎರಡು. ಒಂದಕ್ಕೆ 200 ಲಿರಾ, ಅಂಗಡಿಯಲ್ಲಿ ಚಿಲ್ಲರೆ ಬದಲು ಅದನ್ನೇ ಕೊಡುತ್ತಿದ್ದರು. ಭಾರತಕ್ಕೆ ಫೋನ್ ಮಾಡುವಷ್ಟು ಖರ್ಚು ಮಾಡಲು ಮನಸ್ಸು ಬರಲಿಲ್ಲ, ಮನೆಗೆ ಏರೋಗ್ರಾಮ್ ಬರೆಯುತ್ತಿದ್ದೆ. ಭಾನುವಾರ ಊರಿನ ಪೊಂತೆರೊಸ್ಸೊ ಚೌಕದ ಕಡೆ ಅಥವಾ 1902ರಲ್ಲಿ ಶುರುವಾದ ಒಪಿಚಿನಾ ಟ್ರ್ಯಾಮಿನಲ್ಲಿ ಗುಡ್ಡದ ಮೇಲೆ. ಏರು ತೀರಾ ಕಡಿದಾದ ಕಡೆ ಆ ಟ್ರ್ಯಾಮನ್ನು ಹಗ್ಗ ಕಟ್ಟಿದ ಬಂಡಿಯೊಂದು ಹಿಂದಿನಿಂದ ತಳ್ಳುತ್ತಿತ್ತು.

ವಾಪಸ್ ಬರುವಾಗ ಬಟ್ಟೆಗಿಂತ ಕಾಗದವೇ ಜಾಸ್ತಿ ತೂಕ. ತೀರಾ ಬೇಕಾದವನ್ನು ಕೈಚೀಲದಲ್ಲಿ ಇಟ್ಟುಕೊಂಡು, ಮಿಕ್ಕದ್ದನ್ನು ಪಾರ್ಸೆಲ್ ಕಟ್ಟಿ ಹಡಗಿನ ಅಂಚೆಗೆ ಹಾಕಿದೆ. ಬೆಂಗಳೂರಿಗೆ ಬಂದ ವಾರವೇ ಸೆಮಿನಾರ್ ಕೊಟ್ಟೆ, ಹಾಲ್ ತುಂಬಿ ಜನ ಬಾಗಿಲಲ್ಲಿ ನಿಂತಿದ್ದರು. ಅಕ್ಟೋಬರ್‌ನಲ್ಲಿ ಬೆಡ್‌ನೋರ್ಟ್ಸ್ ಮತ್ತು ಮುಲ್ಲರ್‌ಗೆ ನೊಬೆಲ್ ಬಂದ ಮೇಲಂತೂ ನನ್ನ ಝೆರಾಕ್ಸ್‌ಗಳನ್ನು ಕೇಳಿ ಮೈಸೂರು, ಧಾರವಾಡದಿಂದ ಕಾರ್ಡ್‌ಗಳು ಬಂದವು. ಎಲ್ಲರಿಗೂ ಕಾಪಿ ಮಾಡಿಸಿ ಕಳಿಸಿದೆ.