ಹೊಲಿಯುವ ಮೊದಲು ಒಣಗಿಸಿ: ಮಳೆಗಾಲದಲ್ಲಿ ಮಕ್ಕಳ ಗೊಂಬೆ ರಿಪೇರಿ

ಮಕ್ಕಳ ಗೊಂಬೆಯ ಹೊಟ್ಟೆ ಹರಿದರೆ ನಾವು ಮೊದಲು ಹುಡುಕುವುದು ಸೂಜಿ-ದಾರ. ಮಲೆನಾಡಿನ ಮಳೆಗಾಲದಲ್ಲಿ ಅವು ಕೊನೆಗೆ ಬೇಕಾಗುವ ಸಾಮಾನು. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ಕಪಾಟಿನೊಳಗಿನ ಬಟ್ಟೆಯೇ ಥಂಡಿ ಹಿಡಿಯುತ್ತದೆ. ಇನ್ನು ಹೊಟ್ಟೆ ತುಂಬ ಹತ್ತಿ ಇರುವ ಗೊಂಬೆಯ ಕತೆ ಕೇಳಬೇಕಾ? ಒಳಗೆ ಹಸಿ ಉಳಿದರೆ ಹೊಲಿಗೆ ಎಷ್ಟೇ ಚೆಂದ ಇರಲಿ, ಸ್ವಲ್ಪ ದಿನದಲ್ಲೇ ಮುಗ್ಗಲು ವಾಸನೆ ಬರುತ್ತದೆ, ಆಮೇಲೆ ಬೂಷ್ಟು. ಮಗು ಅದನ್ನೇ ಮುಖಕ್ಕೆ ಒತ್ತಿಕೊಂಡು ಮಲಗುತ್ತದೆ.

ಕೆಲಸ ಶುರು ಮಾಡುವ ಮುಂಚೆ ಮಗುವಿಗೆ ಹೇಳಿ. ಮಲಗಿದ ಮೇಲೆ ಕದ್ದು ಬಿಚ್ಚಬೇಡಿ. ಬೆಳಿಗ್ಗೆ ಎದ್ದು ಹೊಟ್ಟೆ ಖಾಲಿಯಾದ ಗೊಂಬೆ ನೋಡಿದರೆ ಮಕ್ಕಳು ನಿಜಕ್ಕೂ ಹೆದರುತ್ತಾರೆ. "ಆನೆಗೆ ಸ್ನಾನ ಮಾಡಿಸಿ, ಒಣಗಿಸಿ, ಹೊಲಿದು ಕೊಡ್ತೀನಿ ಪುಟ್ಟಿ, ನಾಲ್ಕು ದಿನ ಬೇಕು" ಅಂದರೆ ಸಾಕು, ಕಾಯುತ್ತಾರೆ. ಸಕ್ರೆಬೈಲಿನ ಆನೆ ಬಿಡಾರ ನೋಡಿ ಬಂದ ಮಕ್ಕಳಿಗೆ ಆನೆ ಗೊಂಬೆಯ ಮೇಲೆ ಪ್ರೀತಿ ಜಾಸ್ತಿ. ಎತ್ತುವುದು ಮಾತ್ರ ಸೊಂಡಿಲು ಇಲ್ಲವೇ ಕಿವಿ ಹಿಡಿದು. ಹಾಗಾಗಿ ಹೊಲಿಗೆ ಮೊದಲು ಬಿಡುವುದೂ ಅಲ್ಲೇ.

ಒಳಗೆ ಏನಿದೆ?

ಬಿಟ್ಟ ಹೊಲಿಗೆಯನ್ನೇ ಇನ್ನು ಸ್ವಲ್ಪ ಬಿಚ್ಚಿ, ಎರಡು ಬೆರಳು ಹಾಕಿ ಒಳಗಿದ್ದದ್ದನ್ನು ತೆಗೆಯಿರಿ. ಜಾತ್ರೆಯಲ್ಲಿ ಕೊಂಡ ಗೊಂಬೆಯಲ್ಲಿ ಸ್ಪಂಜಿನ ಚೂರು, ಬಟ್ಟೆ ಚಿಂದಿಯೂ ಸಿಗಬಹುದು. ಹಾಡುವ, ಕೂಗುವ ಗೊಂಬೆಯಾದರೆ ಒಳಗೆ ಪುಟ್ಟ ಡಬ್ಬಿ ಇರುತ್ತದೆ. ಅದನ್ನು ಸೆಲ್ ಸಮೇತ ತೆಗೆದು ದೂರ ಇಡಿ. ಮಗು ಗುಂಡಿ ಸೆಲ್ ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಟ್ಟುಹೋಗುವ ಅಪಾಯವಿದೆ. ಹರಿದ ಗೊಂಬೆಯೊಳಗೆ ಅದು ಇರಲೇಬಾರದು.

ತೆಗೆದ ಹತ್ತಿಯಲ್ಲಿ ಕಪ್ಪು ಚುಕ್ಕೆ ಕಂಡರೆ ಪೂರ್ತಿ ಎಸೆಯಿರಿ. ಚೆನ್ನಾಗಿದ್ದರೆ ಬೆರಳಲ್ಲಿ ಬಿಡಿಸಿ, ಹರವಿಟ್ಟು, ಮತ್ತೆ ಅದನ್ನೇ ಬಳಸಿ.

ತೊಳೆಯುವುದು, ಒಣಗಿಸುವುದು

ಖಾಲಿ ತೊಗಲನ್ನು ಮಾತ್ರ ತೊಳೆಯಿರಿ. ಬಟ್ಟೆಯ ಮೇಲೆ ಬೂಷ್ಟು ಇದ್ದರೆ ಮೂಗು-ಬಾಯಿಗೆ ಬಟ್ಟೆ ಕಟ್ಟಿಕೊಂಡು, ಅಂಗಳದಲ್ಲಿ ನಿಂತು ಒಣ ಬ್ರಷ್‌ನಲ್ಲಿ ಉಜ್ಜಿ ಉದುರಿಸಿ. ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಹಚ್ಚಿ, ಅರ್ಧ ಗಂಟೆ ಬಿಟ್ಟು, ಉಗುರುಬೆಚ್ಚಗಿನ ನೀರಿನಲ್ಲಿ ಶಾಂಪೂ ಅಥವಾ ಅಂಟುವಾಳದ ನೊರೆ ಹಾಕಿ ತೊಳೆಯಿರಿ. ಹಿಂಡಬೇಡಿ. ಟವೆಲ್‌ನಲ್ಲಿ ಸುತ್ತಿ ಒತ್ತಿ.

ಬಚ್ಚಲೊಲೆಯ ಹತ್ತಿರ ಬಟ್ಟೆ ಒಣಗಿಸುವ ಅಭ್ಯಾಸ ನಮ್ಮಲ್ಲಿದೆ. ಗೊಂಬೆಗೆ ಅದು ಬೇಡ. ಈ ರೋಮದ ಬಟ್ಟೆ ಹೆಚ್ಚಾಗಿ ಪಾಲಿಯೆಸ್ಟರ್. ಬಿಸಿ ಜಾಸ್ತಿಯಾದರೆ ರೋಮ ಕರಗಿ ಗಟ್ಟಿಯಾಗುತ್ತದೆ, ಆಮೇಲೆ ಏನು ಮಾಡಿದರೂ ಸರಿಯಾಗುವುದಿಲ್ಲ. ಒಳಹೊರಗು ಮಾಡಿ ಫ್ಯಾನಿನ ಕೆಳಗೆ ತೂಗುಹಾಕಿ. ಮಳೆ ಹೊಳವಾಗಿ ಬಿಸಿಲು ಬಿದ್ದ ಕೂಡಲೇ ಹೊರಗೆ ತನ್ನಿ. ಒಣಗಿದೆಯಾ ಅಂತ ತಿಳಿಯಲು ಒಳಗಿನ ಹೊಲಿಗೆ ಸಾಲನ್ನು ಕೆನ್ನೆಗೆ ಒತ್ತಿ ನೋಡಿ. ಅಂಗೈಗೆ ಗೊತ್ತಾಗದ ತಂಪು ಕೆನ್ನೆಗೆ ಗೊತ್ತಾಗುತ್ತದೆ. ತಣ್ಣಗಿದ್ದರೆ ಇನ್ನೊಂದು ದಿನ ಬಿಡಿ.

ತುಂಬುವುದು

ಕಡಿಮೆ ಬಿದ್ದರೆ ದಿಂಬಿಗೆ ತುಂಬುವ ಫೈಬರ್ ಹಾಕಿ. ಬೂರುಗದ ಹತ್ತಿ ಮನೆಯಲ್ಲಿದ್ದರೂ ಬೇಡ, ತೊಳೆದರೆ ಗಂಟು ಕಟ್ಟುತ್ತದೆ. ಅಕ್ಕಿ, ಹುರುಳಿ ಸುತರಾಂ ಬೇಡ, ಹುಳ ಬೀಳುತ್ತದೆ. ಚೂರು ಚೂರೇ ಬಿಡಿಸಿಕೊಂಡು ಪೆನ್ಸಿಲಿನ ಮೊಂಡು ತುದಿಯಿಂದ ಕಾಲು, ಸೊಂಡಿಲಿನ ತುದಿಗೆ ಮೊದಲು ತಳ್ಳಿ. ಕುತ್ತಿಗೆಗೆ ಗಟ್ಟಿಯಾಗಿ ತುಂಬಿ, ಇಲ್ಲದಿದ್ದರೆ ತಲೆ ಜೋತುಬೀಳುತ್ತದೆ. ಹೊಟ್ಟೆ ಮಾತ್ರ ಮೊದಲಿನಷ್ಟೇ ಮೆತ್ತಗಿರಲಿ. ಉಬ್ಬಿದ ಹೊಸ ಹೊಟ್ಟೆಯನ್ನು ಮಕ್ಕಳು ಒಪ್ಪುವುದು ಕಷ್ಟ.

ಹೊಲಿಗೆ ಕಾಣದ ಹಾಗೆ

ಪಾಲಿಯೆಸ್ಟರ್ ದಾರ ತಗೊಳ್ಳಿ, ಗೊಂಬೆಯ ಬಣ್ಣಕ್ಕೆ ಹತ್ತಿರದ್ದು. ಎರಡೆಳೆ ಮಾಡಿ ಕೊನೆಗೆ ಗಂಟು ಹಾಕಿ. ಹರಿದ ಅಂಚು ಎರಡನ್ನೂ ಒಳಗೆ ಮಡಚಿ. ಗಂಟು ಒಳಗೇ ಉಳಿಯುವಂತೆ ಸೂಜಿಯನ್ನು ಒಂದು ಮಡಿಕೆಯೊಳಗಿನಿಂದ ಹೊರಗೆ ತನ್ನಿ. ಈಗ ನೇರ ಎದುರಿನ ಮಡಿಕೆಗೆ ದಾಟಿ, ಆ ಮಡಿಕೆಯ ಉದ್ದಕ್ಕೆ 3–4 ಮಿಲಿಮೀಟರ್ ಚುಚ್ಚಿ ತೆಗೆಯಿರಿ. ಮತ್ತೆ ನೇರ ಈಚೆಗೆ ದಾಟಿ, ಈ ಮಡಿಕೆಯಲ್ಲಿ ಅಷ್ಟೇ. ಹೀಗೆ ನಾಲ್ಕೈದು ಸಲ ಆದಾಗ ದಾರ ಏಣಿಯ ಮೆಟ್ಟಿಲಿನಂತೆ ಕಾಣುತ್ತದೆ. ಮೆಲ್ಲಗೆ ಎಳೆಯಿರಿ. ಎರಡೂ ಅಂಚು ಒಂದಾಗಿ, ದಾರ ಒಳಗೆ ಮುಳುಗುತ್ತದೆ. ಇದು ನಡೆಯುವಾಗ ಮಗುವನ್ನು ಕರೆದು ತೋರಿಸಿ, ನೋಡಲು ಅಷ್ಟು ಖುಷಿ.

ಕೊನೆಯಲ್ಲಿ ಗಂಟು ಹಾಕಿ, ಅದರ ಪಕ್ಕದಲ್ಲೇ ಸೂಜಿ ಚುಚ್ಚಿ ಮೈಯೊಳಗಿನಿಂದ ಒಂದೆರಡು ಇಂಚು ಆಚೆ ಹೊರತೆಗೆಯಿರಿ. ದಾರ ಎಳೆದು ಹಿಡಿದು ಕತ್ತರಿಸಿದರೆ ತುದಿ ಒಳಗೆ ಹೋಗಿಬಿಡುತ್ತದೆ. ಸಿಕ್ಕಿಬಿದ್ದ ರೋಮವನ್ನು ಸೂಜಿ ಮೊನೆಯಿಂದ ಎತ್ತಿಬಿಡಿ.

ಹೊಲಿಗೆ ಬಿಟ್ಟಿದ್ದಲ್ಲ, ಬಟ್ಟೆಯೇ ಸವೆದಿದ್ದರೆ ತೇಪೆ ಬೇಕು. ರೋಮದ ಬಟ್ಟೆಯನ್ನು ಹಿಂಬದಿಯಿಂದ ಬ್ಲೇಡಿನಲ್ಲಿ ಕೊಯ್ಯಿರಿ. ಕತ್ತರಿ ರೋಮವನ್ನೂ ಮೊಟಕು ಮಾಡುತ್ತದೆ. ರೋಮ ಮಲಗುವ ದಿಕ್ಕು ಎರಡರಲ್ಲೂ ಒಂದೇ ಇರಲಿ.

ಕಣ್ಣು

ಮೂರು ವರ್ಷದೊಳಗಿನ ಮಗುವಿದ್ದ ಮನೆಯಲ್ಲಿ ಗೊಂಬೆಗೆ ಗುಂಡಿ, ಮಣಿಯ ಕಣ್ಣು ಬೇಡ. ಕಿತ್ತುಬಂದರೆ ಗಂಟಲಿಗೆ ಸಿಕ್ಕುತ್ತದೆ. ನಮ್ಮ ದೇಶದಲ್ಲಿ 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ ಮಾಡಿದ್ದಾರೆ. ಆ ಗುರುತಿಗೆ ಕಣ್ಣು-ಮೂಗನ್ನು ಎಳೆದು ನೋಡುವ ಪರೀಕ್ಷೆಯೂ ಇದೆ. ನಾವು ಮನೆಯಲ್ಲಿ ಹೊಲಿದ ಗುಂಡಿಗೆ ಅಂಥ ಪರೀಕ್ಷೆ ಆಗಿರುವುದಿಲ್ಲ ಅಲ್ವಾ? ಕಸೂತಿಯ ಕಪ್ಪು ದಾರದಲ್ಲಿ ಒತ್ತೊತ್ತಾಗಿ ತುಂಬಿ ಹೊಲಿಯಿರಿ. ನಡುವೆ ಒಂದು ಬಿಳಿ ಚುಕ್ಕೆ ಇಟ್ಟರೆ ಕಣ್ಣಿಗೆ ಜೀವ ಬರುತ್ತದೆ.

ಕೈಗೆ ಕೊಡುವ ಮುಂಚೆ ಸೂಜಿ, ಗುಂಡುಪಿನ್ನು ಎಲ್ಲ ಲೆಕ್ಕಕ್ಕೆ ಸಿಕ್ಕಿವೆಯಾ ನೋಡಿ. ಕಿವಿ, ಸೊಂಡಿಲು, ಕಾಲು ಒಂದೊಂದನ್ನೂ ಬಲವಾಗಿ ಜಗ್ಗಿ, ಗೊಂಬೆಯ ಮೈಯನ್ನೆಲ್ಲ ಒಮ್ಮೆ ಹಿಸುಕಿ. ಮಳೆಗಾಲ ಮುಗಿಯುವವರೆಗೆ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಬೇಡಿ, ಗಾಳಿ ಆಡುವ ಕಡೆ ಇಡಿ.