ಎರಡನೇ ನಾಯಿ, ಅದೂ ದೊಡ್ಡದು, ಅದೂ ಏನೂ ಕಲೀದೇ ಇರೋದು: ಮನೆಗೆ ತರೋದು ಹೇಗೆ

ದೊಡ್ಡ ನಾಯಿಗೆ ಏನೂ ಕಲಿಸೋಕಾಗಲ್ಲ ಅಂತ ಸುಮಾರು ಜನ ಹೇಳ್ತಾರೆ, ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅನ್ನೋ ಗಾದೆನೂ ಎಳ್ಕೊಂಡು ಬರ್ತಾರೆ. ನಾಯಿ ವಿಷಯದಲ್ಲಿ ಈ ಗಾದೆ ನಡೆಯಲ್ಲ. ಎಷ್ಟೋ ಸಲ ಮರಿಗಿಂತ ದೊಡ್ಡದೇ ಬೇಗ ಕಲಿಯತ್ತೆ, ಯಾಕಂದ್ರೆ ಅದಕ್ಕೆ ಉಚ್ಚೆ ತಡ್ಕೊಳ್ಳೋ ಶಕ್ತಿ ಇರತ್ತೆ, ಸ್ವಲ್ಪ ಹೊತ್ತು ನಿಮ್ಮ ಕಡೆ ಗಮನ ಕೊಡೋಕೂ ಬರತ್ತೆ. ಕೆಲಸ ಕೆಡೋದು ಬೇರೆ ಕಡೆ. ಮನೇಲಿ ಆಗ್ಲೇ ಇರೋ ನಾಯಿ ಜೊತೆ ಇದನ್ನ ಬಂದ ದಿನವೇ ಕೂಡಿ ಹಾಕ್ಬಿಡ್ತೀವಲ್ಲ, ಅಲ್ಲಿ.

ಅದಕ್ಕೇ ತರೋ ಮುಂಚೆ ಹಳೇ ನಾಯಿನ ಒಂದ್ಸಲ ಸರಿಯಾಗಿ ನೋಡಿ. ವಾಕಿಂಗ್ ಹೋದಾಗ ಬೇರೆ ನಾಯಿ ಕಂಡ್ರೆ ಏನ್ ಮಾಡತ್ತೆ? ಬಟ್ಟಲ ಹತ್ರ ಯಾರಾದ್ರೂ ಬಂದ್ರೆ ಮೈ ಬಿಗಿ ಮಾಡತ್ತಾ? ವಯಸ್ಸಾಗಿ ಕೀಲುನೋವು ಬಂದಿದ್ರೆ, ಮೈಮೇಲೆ ಹಾರೋ ಇನ್ನೊಂದು ನಾಯಿ ಅದಕ್ಕೆ ದಿನಾ ಹಿಂಸೆ. "ಇವನಿಗೆ ಬೇಜಾರಾಗತ್ತೆ, ಜೊತೆಗೊಂದು ಬೇಕು" ಅಂತ ತರೋರು ಜಾಸ್ತಿ, ಆದ್ರೆ ಆ ಬೇಜಾರು ನಿಜವಾಗ್ಲೂ ನಾಯಿಗಾ ನಮಗಾ ಅಂತ ಯೋಚನೆ ಮಾಡಿದ್ರೆ ಒಳ್ಳೇದು.

ಡಾಕ್ಟರ್ ವಿಷಯ ಬೇಗ ಹೇಳಿ ಮುಗಿಸ್ತೀನಿ. ಹೊಸದನ್ನ ಮನೆಗೆ ಕರ್ಕೊಂಡು ಬರೋ ಮುಂಚೆನೇ ತೋರಿಸಿ. ರೇಬೀಸ್, ಮತ್ತೆ ನಾಯಿಗಳಲ್ಲಿ ಹರಡೋ ವೈರಸ್ ರೋಗಗಳಾದ ಡಿಸ್ಟೆಂಪರ್, ಪಾರ್ವೋ ಇವುಗಳ ಇಂಜೆಕ್ಷನ್ ಆಗಿದ್ಯಾ, ಜಂತುಹುಳದ ಮಾತ್ರೆ ಕೊಟ್ಟಿದ್ದಾರಾ, ಉಣ್ಣೆ ಚಿಗಟ ಇದ್ಯಾ ಎಲ್ಲ ನೋಡಿಸಿ. ಹಿಂದಿನ ದಾಖಲೆ ಏನೂ ಇಲ್ಲದಿದ್ರೆ 10 ರಿಂದ 14 ದಿನ ಬೇರೆ ರೂಮು, ಬೇರೆ ಬಟ್ಟಲು, ಬೇರೆ ಹಾಸಿಗೆ, ಹಳೇದಕ್ಕೆ ಬೂಸ್ಟರ್ ಬಾಕಿ ಇದ್ರೆ ಅದೂ ಮುಗಿಸ್ಕೊಳ್ಳಿ. ಮರಿ ಆಗದ ಹಾಗೆ ಮಾಡೋ ಆಪರೇಷನ್ ಆಗಿಲ್ಲ ಅಂದ್ರೆ ಅದನ್ನೂ ಕೇಳಿ. ಗಂಡು ನಾಯಿಗೆ ಆಪರೇಷನ್ ಆದ್ಮೇಲೂ ಕೆಲವು ವಾರ ಮರಿ ಹುಟ್ಟಿಸೋ ಶಕ್ತಿ ಉಳಿದಿರತ್ತೆ, ಮನೇಲಿ ಆಪರೇಷನ್ ಆಗದ ಹೆಣ್ಣು ಇದ್ರೆ ಇದು ನೆನಪಿರಲಿ.

ಮೊದಲ ಭೇಟಿ ಮನೇಲಿ ಬೇಡವೇ ಬೇಡ. ಎರಡಕ್ಕೂ ಸೇರದ ಒಂದು ಖಾಲಿ ಜಾಗ ಹುಡುಕಿ, ಇಬ್ಬರು ಮನುಷ್ಯರು, ಎರಡು ಲೀಶ್ (ನಾಯಿನ ಹಿಡ್ಕೊಳ್ಳೋ ಹಗ್ಗ), ಮಧ್ಯೆ ದೂರ ಇಟ್ಕೊಂಡು ಒಂದೇ ದಿಕ್ಕಿಗೆ ನಡೀರಿ. ಎದುರುಬದುರು ನಿಲ್ಲಿಸಿ "ಹಾಯ್ ಹೇಳು" ಅಂತ ತಳ್ಳೋದು ದೊಡ್ಡ ತಪ್ಪು, ನಾಯಿಗಳಲ್ಲಿ ನೇರ ಬಂದು ಮುಖಕ್ಕೆ ಮುಖ ಕೊಡೋದು ಮರ್ಯಾದೆ ಅಲ್ಲ. ಎರಡೂ ನೆಲ ಮೂಸ್ತಾ, ಮೈ ಸಡಿಲ ಬಿಟ್ಕೊಂಡು ನಡೀತಿದ್ರೆ ಸ್ವಲ್ಪ ಸ್ವಲ್ಪ ಹತ್ರ ಬನ್ನಿ. ಲೀಶ್ ಮಾತ್ರ ಬಿಗಿ ಹಿಡೀಬೇಡಿ, ನಿಮ್ಮ ಕೈ ಬಿಗಿಯಾದ್ರೆ ಅದರ ಕುತ್ತಿಗೆಗೆ ಗೊತ್ತಾಗತ್ತೆ. ಬಾಲ ಆಡಿಸ್ತಿದೆ ಅಂದ್ರೆ ಖುಷಿ ಅಂತ ಲೆಕ್ಕ ಹಾಕ್ಬೇಡಿ. ಮೈಯೆಲ್ಲ ಮರಗಟ್ಟಿ ಬಾಲದ ತುದಿ ಮಾತ್ರ ಎತ್ತರದಲ್ಲಿ ಅಲ್ಲಾಡ್ತಿದ್ರೆ, ಅಥವಾ ಕಣ್ಣಿನ ಬಿಳಿ ಕಾಣೋ ಹಾಗೆ ಓರೆ ನೋಡ್ತಿದ್ರೆ, ಬಾಯಿ ಮುಚ್ಚಿ ಮೂತಿ ನೆಕ್ತಾ ಇದ್ರೆ ಅದಕ್ಕೆ ಸಾಕಾಗಿದೆ ಅಂತ ಅರ್ಥ, ದೂರ ಹೋಗಿ.

ಮನೆಗೆ ಬಂದ್ಮೇಲೆ ಒಂದು ರೂಮು ಅಥವಾ ಮೂಲೆ ಹೊಸದಕ್ಕೆ, ಬಾಗಿಲಿಗೆ ಬೇಬಿ ಗೇಟ್, ಅಂದ್ರೆ ಆಚೆ ಕಾಣೋ ಗಿಡ್ಡ ಗೇಟು. ಸ್ನಾನ ಮಾಡಿಸೋದು, ನೆಂಟರನ್ನ ಕರೆಸಿ ತೋರಿಸೋದು, ಫೋಟೋ ಸೆಷನ್ ಎಲ್ಲ ಆಮೇಲೆ. ಮೂರು ದಿನ ಗಾಬರಿ, ಮೂರು ವಾರಕ್ಕೆ ದಿನಚರಿ, ಮೂರು ತಿಂಗಳಿಗೆ ಮನೆ ಅನ್ನಿಸತ್ತೆ ಅಂತ ನಾಯಿ ಸಾಕೋರು ಒಂದು ಲೆಕ್ಕ ಹೇಳ್ತಾರೆ, ಇದು ಅಂದಾಜು ಅಷ್ಟೇ, ಆದ್ರೆ ಇದರಲ್ಲಿ ಒಂದು ಸತ್ಯ ಇದೆ. ಮೊದಲ ವಾರ ಮೂಲೇಲಿ ಮುದುರಿ ಕೂತಿದ್ದ "ಎಷ್ಟು ಸಾಧು" ನಾಯಿ ಮೂರನೇ ವಾರ ಸೋಫಾ ಮೇಲೆ ಹತ್ತಿ ಗುರ್ ಅನ್ನಬಹುದು. ಕೆಟ್ಟೋಯ್ತು ಅಂದ್ಕೋಬೇಡಿ, ಈಗ ಅದರ ನಿಜವಾದ ಗುಣ ಕಾಣ್ತಿದೆ. ಇನ್ನೊಂದು, ಶುರುವಿನ ವಾರಗಳಲ್ಲಿ ಓಡಿಹೋಗೋ ಅಪಾಯ ಜಾಸ್ತಿ, ಬಾಗಿಲು ತೆಗೆಯೋಕೆ ಮುಂಚೆ ಲೀಶ್ ಹಾಕಿ, ಬೆಲ್ಟಿಗೆ ಫೋನ್ ನಂಬರ್ ಇರೋ ಟ್ಯಾಗ್ ಕಟ್ಟಿ.

ಊಟ ಬೇರೆ ಬೇರೆ ರೂಮಲ್ಲಿ, ಬಾಗಿಲು ಹಾಕಿ. ಜಗಳಗಳಲ್ಲಿ ಸುಮಾರು ಊಟ, ಮೂಳೆ, ಆಟದ ಸಾಮಾನು, ಮಲಗೋ ಜಾಗ ಇವುಗಳಿಂದ್ಲೇ ಶುರುವಾಗತ್ತೆ, ಕೆಲವೊಮ್ಮೆ ನಿಮ್ಮ ತೊಡೆಯಿಂದ್ಲೂ. ಒಂದು ನಾಯಿ ಗುರ್ ಅಂದ್ರೆ ಬೈಯ್ಬೇಡಿ, ಪ್ಲೀಸ್. ಅದು ಕಚ್ಚೋಕೆ ಮುಂಚೆ ಕೊಡ್ತಿರೋ ಎಚ್ಚರಿಕೆ, ಬೈದು ಬೈದು ಅದನ್ನ ನಿಲ್ಲಿಸಿದ್ರೆ ಮುಂದಿನ ಸಲ ಸದ್ದಿಲ್ಲದೇ ಕಚ್ಚತ್ತೆ. ಯಾಕೆ ಗುರ್ ಅಂತು ನೋಡಿ, ಆ ವಸ್ತು ಎತ್ತಿಡಿ, ಇಬ್ಬರನ್ನೂ ದೂರ ಮಾಡಿ. ಜಗಳ ಹತ್ತೇಬಿಟ್ರೆ ಮಧ್ಯೆ ಕೈ ಹಾಕ್ಬೇಡಿ, ಜೋರು ಸದ್ದು ಮಾಡಿ ಅಥವಾ ದಪ್ಪ ಕಂಬಳಿ ಎಸೀರಿ.

ಈಗ ಕಲಿಸೋದು. ಉಚ್ಚೆ ಕಕ್ಕ ವಿಷಯದಲ್ಲಿ ಇದನ್ನ ಮರಿ ಅಂತಲೇ ಅಂದ್ಕೊಳ್ಳಿ, ಎದ್ದ ತಕ್ಷಣ, ಊಟ ಆದ್ಮೇಲೆ, ಆಟ ಆದ್ಮೇಲೆ, ಮಧ್ಯೆ ಎರಡೆರಡು ಗಂಟೆಗೊಮ್ಮೆ ಒಂದೇ ಜಾಗಕ್ಕೆ ಕರ್ಕೊಂಡು ಹೋಗಿ, ಮಾಡಿದ ಕ್ಷಣವೇ ಅಲ್ಲೇ ತಿಂಡಿ ಕೊಡಿ, ಒಳಗೆ ಬಂದ್ಮೇಲೆ ಕೊಟ್ರೆ ಯಾತಕ್ಕೆ ಕೊಟ್ರಿ ಅಂತ ಅದಕ್ಕೆ ಗೊತ್ತಾಗಲ್ಲ. ಒಳಗೆ ಮಾಡಿದ್ರೆ ಮೂತಿ ಉಜ್ಜೋದು ಹೊಡೆಯೋದು ಬೇಡ, ಹಾಗ್ಮಾಡಿದ್ರೆ ಮಂಚದ ಹಿಂದೆ ಕದ್ದು ಮಾಡೋದನ್ನ ಕಲಿಯತ್ತೆ. ಅಮೋನಿಯಾ ಇರೋ ಕ್ಲೀನರ್ ಬಳಸ್ಬೇಡಿ, ಉಚ್ಚೆ ವಾಸನೆಗೆ ಹತ್ರ ಇರೋದ್ರಿಂದ ಮತ್ತೆ ಅಲ್ಲೇ ಮಾಡತ್ತೆ, ಆ ವಾಸನೆನೇ ಒಡೆದು ಹಾಕೋ ಎನ್ಜೈಮ್ ಕ್ಲೀನರ್ ಒಳ್ಳೇದು. ಹೆಸರು ಕೂಗಿದ್ರೆ ತಿರುಗೋದು, ಕೂರೋದು, ಕರೆದ್ರೆ ಬರೋದು, ಶುರುವಿಗೆ ಈ ಮೂರು ಸಾಕು. ಒಂದೊಂದು ಸಲ ಐದು ನಿಮಿಷ, ದಿನಕ್ಕೆ ಎರಡು ಮೂರು ಸಲ, ಹಳೇ ನಾಯಿನ ಬೇರೆ ರೂಮಲ್ಲಿ ಬಿಟ್ಟು. ಹಳೇದು ನೋಡಿ ಹೊಸದು ಕಲಿಯತ್ತೆ ಅಂತಾರೆ, ಸ್ವಲ್ಪ ಕಲಿಯತ್ತೆ ನಿಜ, ಆದ್ರೆ ಬಾಗಿಲಿಗೆ ಬೊಗಳೋದನ್ನೂ ಅಷ್ಟೇ ಶ್ರದ್ಧೆಯಿಂದ ಕಲಿಯತ್ತೆ.

ಮನೇಲಿರೋದು ಬೆಕ್ಕಾದ್ರೆ ಇನ್ನೂ ನಿಧಾನ. ಬೆಕ್ಕಿಗೆ ಎತ್ತರದಲ್ಲಿ ಹತ್ತಿ ಕೂರೋ ಜಾಗ, ನಾಯಿ ನುಗ್ಗೋಕಾಗದ ಒಂದು ರೂಮು ಇರಲೇಬೇಕು. ಮೊದಲು ವಾಸನೆ ಪರಿಚಯ, ಒಬ್ಬರ ಬಟ್ಟೆ ಇನ್ನೊಬ್ಬರ ಹತ್ರ ಹಾಕಿ, ಆಮೇಲೆ ಗೇಟಿನ ಆಚೆಯಿಂದ ನೋಟ, ನಾಯಿ ಲೀಶಲ್ಲೇ ಇರ್ಲಿ. ಬೆಕ್ಕಿನ ಮೇಲಿಂದ ಕಣ್ಣು ಕೀಳದೇ, ಕರೆದ್ರೂ ತಿಂಡಿ ತೋರಿಸಿದ್ರೂ ತಿರುಗದೇ ನಿಂತ್ರೆ ಆ ನಾಯಿ ಆ ಮನೆಗೆ ಆಗಿಬರೋದು ಕಷ್ಟ.

ಹಳೇದರ ವಾಕಿಂಗ್ ಟೈಮು, ಮಲಗೋ ಜಾಗ, ನಿಮ್ಮ ಜೊತೆ ಒಂಟಿಯಾಗಿ ಕಳೆಯೋ ಹೊತ್ತು ಯಾವುದನ್ನೂ ಕಿತ್ಕೋಬೇಡಿ. ಎರಡನ್ನೂ ಒಟ್ಟಿಗೆ ಬಿಟ್ಟು ಹೊರಗೆ ಹೋಗೋದು ತಿಂಗಳುಗಟ್ಟಲೆ ಬೇಡ, ನೀವಿರುವಾಗ ಊಟ, ನಿದ್ದೆ, ಬಾಗಿಲ ಬೆಲ್ಲು, ಅತಿಥಿಗಳು ಎಲ್ಲದಕ್ಕೂ ಎರಡೂ ತಣ್ಣಗಿರೋದನ್ನ ನೋಡಿದ್ಮೇಲೆ ಹತ್ತು ನಿಮಿಷದಿಂದ ಶುರು ಮಾಡಿ. ರಕ್ತ ಬರೋ ಜಗಳ ಎರಡನೇ ಸಲ ಆಯ್ತು ಅಂದ್ರೆ ಮಾತ್ರ ನೀವೇ ಸರಿ ಮಾಡೋ ಪ್ರಯತ್ನ ನಿಲ್ಲಿಸಿ, ಹೊಡೆದು ಕಲಿಸದ ಒಬ್ಬ ಒಳ್ಳೇ ಟ್ರೈನರ್‌ನ ಕರೆಸಿ, ಅವರು ಬರೋವರೆಗೂ ಎರಡೂ ಬೇರೆ ಬೇರೆ ರೂಮಲ್ಲೇ ಇರ್ಲಿ.