ಅಜ್ಜನ ಕಾಲದ ಸೈನಿಕ ಕೋವಿ: ಗುರುತಿಸುವುದು ಹೇಗೆ, ಬಳಸಬಹುದೇ?

ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಅಡೂರು ಕಡೆಯ ಹಳೆಯ ಮನೆಗಳನ್ನು ಪಾಲು ಮಾಡುವಾಗಲೋ ಕೆಡವುವಾಗಲೋ ಅಟ್ಟದಿಂದ ಉದ್ದ ನಳಿಗೆಯ ಕೋವಿಯೊಂದು ಕೆಳಗಿಳಿಯುವುದುಂಟು. ತೋಟಕ್ಕೆ ಕಾಡುಹಂದಿಯ ಕಾಟ ಹೆಚ್ಚಿರುವ ಈ ದಿನಗಳಲ್ಲಿ ಅದನ್ನು ಕಂಡವರು ಮೊದಲು ಕೇಳುವುದು, ಇದರಿಂದ ಈಡು ಹೊಡೆಯಬಹುದೇ ಎಂದು. ಕೋವಿ ಯಾವ ಜಾತಿಯದು, ಅದರ ಕಾಗದ ಯಾರ ಹೆಸರಿನಲ್ಲಿದೆ ಎಂಬ ಎರಡು ಸಂಗತಿಗಳು ಖಚಿತವಾಗುವವರೆಗೆ ಅದಕ್ಕೆ ತೋಟೆ (ಕಾರ್ಟ್ರಿಜ್) ತುಂಬುವ ಮಾತನ್ನೇ ಎತ್ತಬಾರದು. ಮೋಜಿನ ಬೇಟೆಗಂತೂ ಈಗ ಎಡೆಯಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಉಳಿದಿದ್ದ ಬೇಟೆ ಲೈಸನ್ಸಿನ ಅವಕಾಶವೂ 1991ರ ತಿದ್ದುಪಡಿಯೊಂದಿಗೆ ಮುಗಿದುಹೋಯಿತು.

ಮೊದಲು ಕಾಗದ

ಕೋವಿಗಿಂತ ಮುಂಚೆ ಹುಡುಕಬೇಕಾದುದು ಲೈಸನ್ಸ್ ಪುಸ್ತಕವನ್ನು. 1956ರ ನವೆಂಬರ್ 1ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿದ್ದುದರಿಂದ, ಹಿರಿಯರ ಲೈಸನ್ಸಿನ ಮೇಲೆ ಮಂಗಳೂರಿನ ಮುದ್ರೆ ಇದ್ದರೆ ಅಚ್ಚರಿಪಡಬೇಕಾಗಿಲ್ಲ. ಅದರಲ್ಲಿ ಕೋವಿಯ ಬೋರ್ (ನಳಿಗೆಯ ಒಳ ಅಳತೆ) ಮತ್ತು ನಂಬರನ್ನು ಬರೆದಿರುತ್ತಾರೆ. ಕಲೆಕ್ಟರ ಕಚೇರಿಯ ಹಳೆಯ ಕಡತ ಹುಡುಕಿಸಲು ಇದೇ ಆಧಾರ. ಆದರೆ ಲೈಸನ್ಸ್ ಎಂಬುದು ವ್ಯಕ್ತಿಗೆ ಕೊಟ್ಟದ್ದೇ ಹೊರತು ಮನೆಗೆ ಕೊಟ್ಟದ್ದಲ್ಲ. ಲೈಸನ್ಸುದಾರರು ತೀರಿಕೊಂಡ ಮೇಲೆ ಕೋವಿಯನ್ನು ಹಾಗೆಯೇ ಮನೆಯಲ್ಲಿಟ್ಟುಕೊಂಡರೆ ಅದು 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಅಪರಾಧ. 2019ರ ತಿದ್ದುಪಡಿಯ ಬಳಿಕ ಲೈಸನ್ಸಿಲ್ಲದ ಬಂದೂಕಿಗೆ ಶಿಕ್ಷೆ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ. ನೆರೆಯ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು ನೆಚ್ಚಿಕೊಂಡು ನಮ್ಮವರು ಕೂರುವಂತಿಲ್ಲ.

ಆದುದರಿಂದ ಕೋವಿ ಸಿಕ್ಕಿದ ಕೂಡಲೇ ಹತ್ತಿರದ ಪೊಲೀಸ್ ಠಾಣೆಗೆ ಫೋನ್ ಮಾಡಿ, ಅದನ್ನು ಹೇಗೆ ತಂದೊಪ್ಪಿಸಬೇಕೆಂದು ಕೇಳಿ. ಲೈಸನ್ಸ್ ಇರುವ ಕೋವಿ ವ್ಯಾಪಾರಿಯ ಬಳಿ ಠೇವಣಿ ಇಡಲೂ ಕಾಯಿದೆಯ 21ನೇ ಸೆಕ್ಷನ್ ಅವಕಾಶ ಕೊಟ್ಟಿದೆ. ಎಲ್ಲಿಟ್ಟರೂ ರಸೀದಿ ಪಡೆಯಲು ಮರೆಯಬೇಡಿ. ಅನಂತರ ವಾರಸುದಾರರಲ್ಲಿ ಒಬ್ಬರು, ಉಳಿದವರ ಒಪ್ಪಿಗೆ ಪತ್ರದೊಂದಿಗೆ, 2016ರ ಶಸ್ತ್ರಾಸ್ತ್ರ ನಿಯಮಗಳಂತೆ ಕಲೆಕ್ಟರರಿಗೆ ಅರ್ಜಿ ಸಲ್ಲಿಸಬಹುದು.

ಒಳಗೆ ಈಡು ಇದೆಯೇ?

ಹಳೆಯ ಕೋವಿ ಖಾಲಿ ಎಂದು ಯಾರು ಹೇಳಿದರೂ ನಂಬಬಾರದು. ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿಗಳಲ್ಲಿ ಹಂದಿಗೆಂದು ತುಂಬಿಟ್ಟ ಈಡು (ಮದ್ದುಗುಂಡು) ದಶಕಗಳ ಬಳಿಕವೂ ಹಾಗೆಯೇ ಇರುತ್ತದೆ, ಮತ್ತು ಕರಿಮದ್ದು ಒಣಗಿದ್ದರೆ ಇಂದಿಗೂ ಸಿಡಿಯುತ್ತದೆ. ಇದನ್ನು ಬಲ್ಲ ಆರ್ಮರರ್ (ಕೋವಿ ರಿಪೇರಿಗಾರ) ನಳಿಗೆಯೊಳಗೆ ತೆಳುವಾದ ಮರದ ಕಡ್ಡಿಯನ್ನು ತುದಿಮುಟ್ಟ ಇಳಿಸಿ, ಬಾಯಿಯ ಮಟ್ಟದಲ್ಲಿ ಗುರುತು ಹಾಕಿ, ಅದನ್ನೇ ಹೊರತೆಗೆದು ನಳಿಗೆಯ ಹೊರಮೈಗೆ ಹಿಡಿದು ನೋಡುತ್ತಾರೆ. ಕಡ್ಡಿ ಕೇಪು ಕೂರುವ ಜಾಗದವರೆಗೆ ಬಾರದೆ ಮೂರು ನಾಲ್ಕು ಬೆರಳು ಮೊದಲೇ ನಿಂತಿದ್ದರೆ ಒಳಗೆ ಏನೋ ಇದೆ ಎಂದರ್ಥ. ಇದು ಮನೆಯಂಗಳದಲ್ಲಿ ಮಾಡುವ ಕೆಲಸವಲ್ಲ. ಠಾಣೆಗೆ ತಿಳಿಸುವಾಗಲೇ ಈ ಅನುಮಾನವನ್ನೂ ಹೇಳಿಬಿಡಿ. ನಳಿಗೆಯ ಬಾಯಿ ಯಾರ ಕಡೆಗೂ ತಿರುಗಿರಬಾರದು, ಕುದುರೆಯನ್ನು (ಟ್ರಿಗರ್) ಎಳೆದು ನೋಡಬಾರದು.

ಗುರುತು ಎಲ್ಲಿರುತ್ತದೆ

ಈ ಕೆಲಸವನ್ನು ವ್ಯಾಪಾರಿಯ ಅಂಗಡಿಯಲ್ಲಿ, ಖಾಲಿ ಎಂದು ಖಚಿತಪಡಿಸಿಕೊಂಡ ಕೋವಿಯ ಮೇಲೆ ಮಾಡಬೇಕು. ಮೊದಲು ತೋಟೆ ಹಾಕುವ ಜಾಗವನ್ನು ನೋಡಿ. ಬದಿಯಲ್ಲಿ ದೊಡ್ಡ ಸುತ್ತಿಗೆಯಿದ್ದು, ಹಿಂಬದಿಯ ಮುಚ್ಚಳ ಬಲಕ್ಕೆ ಮಗುಚುವಂತಿದ್ದರೆ ಅದು 1866ರಲ್ಲಿ ಬ್ರಿಟಿಷ್ ಸೇನೆಗೆ ಬಂದ ಸ್ನೈಡರ್. ಹೊರಗೆ ಸುತ್ತಿಗೆಯೇ ಇಲ್ಲದೆ, ಕುದುರೆಯ ಹಿಂದಿನ ಸನ್ನೆಕೋಲನ್ನು ಕೆಳಗೆಳೆದಾಗ ಒಳಗಿನ ಗಟ್ಟಿ ತುಂಡು ಬಗ್ಗಿ ತೋಟೆಯ ಬಾಯಿ ತೆರೆದರೆ ಅದು 1871ರ ಮಾರ್ಟಿನಿ-ಹೆನ್ರಿ. ಇವೆರಡೂ ಕರಿಮದ್ದಿನ ಕಾಲದವು. ಬೋಲ್ಟನ್ನು (ನಳಿಗೆಯ ಬುಡ ಮುಚ್ಚುವ, ಹಿಡಿಯುಳ್ಳ ಕಬ್ಬಿಣದ ದಂಡ) ಹಿಂದಕ್ಕೆಳೆದು ತೆರೆಯುವ, ಹೊಟ್ಟೆಯಲ್ಲಿ 10 ತೋಟೆಯ ಮ್ಯಾಗಜೀನ್ ಇರುವ, ಮೂತಿಯವರೆಗೂ ಮರ ಹೊದ್ದ ಕೋವಿ .303 ಲೀ-ಎನ್‌ಫೀಲ್ಡ್, ಎರಡು ಮಹಾಯುದ್ಧಗಳಲ್ಲಿ ಭಾರತೀಯ ಸೈನಿಕರ ಕೈಯಲ್ಲಿದ್ದುದು ಇದೇ.

ಲೀ-ಎನ್‌ಫೀಲ್ಡಿನಲ್ಲಿ ಬೋಲ್ಟಿನ ಹಿಡಿಯ ಕೆಳಗೆ, ಮರದ ಹಿಂಭಾಗ ಸೇರುವ ಕಬ್ಬಿಣದ ಕಟ್ಟಿನ ಬಲಮೈಯಲ್ಲಿ ಕಿರೀಟ, ಅದರಡಿ ದೊರೆಯ ಹೆಸರಿನ ಅಕ್ಷರಗಳು, ತಯಾರಾದ ಕಾರ್ಖಾನೆ (ಎನ್‌ಫೀಲ್ಡ್, ಬಿ.ಎಸ್.ಎ., ಅಥವಾ ಬಂಗಾಳದ ಇಷಾಪುರ), ವರ್ಷ, ಮಾದರಿ ಇವಿಷ್ಟೂ ಸಾಲಾಗಿ ಕೊರೆದಿರುತ್ತವೆ. ಬೋಲ್ಟಿನ ಹಿಡಿಯ ಹಿಂಬದಿಯಲ್ಲಿರುವ ನಂಬರು ನಳಿಗೆಯ ಬುಡದಲ್ಲಿರುವ ನಂಬರಿಗೆ ಹೊಂದಬೇಕು. ಹೊಂದದಿದ್ದರೆ ಬೋಲ್ಟ್ ಬೇರೆ ಕೋವಿಯದು. ಅಂಥದ್ದರಲ್ಲಿ ತೋಟೆ ಸರಿಯಾಗಿ ಕೂರದೆ ಒಡೆಯುವ ಅಪಾಯವಿದೆ. ಅಗಲ ಬಾಣದ ಗುರುತು ಸರಕಾರಿ ಆಸ್ತಿ ಎಂದು ಹೇಳುತ್ತದೆ. ಎರಡು ಬಾಣಗಳು ಮೊನೆಗೆ ಮೊನೆ ತಾಗಿಸಿ ನಿಂತಿದ್ದರೆ ಸರಕಾರವೇ ಅದನ್ನು ಮಾರಿದೆ ಎಂದರ್ಥ. ನಿಮ್ಮ ಹಿರಿಯರು ಕೋವಿಯನ್ನು ನ್ಯಾಯವಾಗಿ ಪಡೆದಿದ್ದರೆಂದು ಹೇಳಲು ಈ ಚಿಕ್ಕ ಗುರುತು ಬಹಳ ಬೆಲೆಬಾಳುತ್ತದೆ. ಅಕ್ಷರಗಳು ಸೊಟ್ಟಗಿದ್ದರೆ, ಕಾಗುಣಿತ ತಪ್ಪಿದ್ದರೆ ಅದು ವಾಯವ್ಯ ಗಡಿಯ ಕುಲುಮೆಗಳಲ್ಲಿ ಕೈಯಿಂದ ಮಾಡಿದ ನಕಲಿರಬಹುದು. ಅದನ್ನು ಎಂದಿಗೂ ಹಾರಿಸಬಾರದು.

ತುಕ್ಕು ತೆಗೆಯುವ ಉತ್ಸಾಹದಲ್ಲಿ ಮರಳುಕಾಗದದಿಂದ ಉಜ್ಜಿದರೆ ಈ ಗುರುತುಗಳೆಲ್ಲ ಅಳಿದುಹೋಗುತ್ತವೆ. ನಮ್ಮಲ್ಲಿ ಕೆಲವರು ಹಚ್ಚುವ ತೆಂಗಿನೆಣ್ಣೆಯೂ ಬೇಡ. ಅದು ಕಾಲಕ್ರಮೇಣ ಅಂಟಾಗಿ ಬೋಲ್ಟನ್ನು ಹಿಡಿದುಬಿಡುತ್ತದೆ.

ಹಾಗಾದರೆ ಬಳಕೆ?

.303 ಸೈನ್ಯದ ಬೋರ್ ಆದುದರಿಂದ ನಿಷಿದ್ಧ ವರ್ಗಕ್ಕೆ ಸೇರುತ್ತದೆ. ಅದರ ಲೈಸನ್ಸ್ ಕೇಂದ್ರ ಗೃಹ ಸಚಿವಾಲಯದ ಕೈಯಲ್ಲಿದೆ, ಸಾಮಾನ್ಯ ಕೃಷಿಕರಿಗೆ ಅದು ಸಿಗುವುದು ತೀರಾ ಕಷ್ಟ. ಮಾರ್ಟಿನಿ, ಸ್ನೈಡರುಗಳಿಗೆ ಅಂಗಡಿಯಲ್ಲಿ ತೋಟೆ ಸಿಗುವುದಿಲ್ಲ. ದುರಸ್ತಿ ಮಾಡಿದರೂ ಹಾರಿಸಲಾಗದಷ್ಟು ಕೆಟ್ಟ ಹಳೆಯ ಆಯುಧಕ್ಕೆ ಮಾತ್ರ ಕಾಯಿದೆಯ 45ನೇ ಸೆಕ್ಷನ್ ವಿನಾಯಿತಿ ಕೊಡುತ್ತದೆ. ಹಳೆಯದು ಎಂಬ ಒಂದೇ ಕಾರಣ ಸಾಲದು. ಇನ್ನೂ ಒಂದು ಮಾತನ್ನು ಒತ್ತಿ ಹೇಳಬೇಕು. .303ರ ಗುಂಡು ಎರಡು ಕಿಲೋಮೀಟರಿಗೂ ಆಚೆ ಹೋಗಿ ಬೀಳಬಲ್ಲದು. ಗುಡ್ಡೆಯ ನೆತ್ತಿಯಲ್ಲೊಂದು, ತೋಟದ ಕರೆಯಲ್ಲೊಂದು ಎಂಬಂತೆ ಮನೆಗಳು ಹರಡಿಕೊಂಡಿರುವ ನಮ್ಮ ಊರುಗಳಲ್ಲಿ ರಾತ್ರಿ ಹಂದಿಗೆ ಗುರಿಯಿಟ್ಟು ಅದನ್ನು ಹಾರಿಸುವುದನ್ನು ನಾನು ಯಾವ ಸಂದರ್ಭದಲ್ಲೂ ಒಪ್ಪಲಾರೆ.

ಬೆಳೆ ಕಾಯಲು ಕಾಯಿದೆ ಹೇಳುವ ಕೋವಿಯೇ ಬೇರೆ: ನಳಿಗೆ 20 ಇಂಚಿಗಿಂತ ಕಡಿಮೆಯಿಲ್ಲದ, ಒಳಗೆ ಗೆರೆಗಳಿಲ್ಲದ ತೋಟೆಕೋವಿ, ಅಥವಾ ಬಾಯಿಯಿಂದ ಮದ್ದು ತುಂಬುವ ಕೋವಿ. ಕೇರಳ ಸರಕಾರ 2022ರಲ್ಲಿ ಹೊರಡಿಸಿದ ಆದೇಶದಂತೆ, ಹಂದಿ ಬೆಳೆ ಹಾಳುಮಾಡುತ್ತಿದ್ದರೆ ಪಂಚಾಯತ್ ಅಧ್ಯಕ್ಷರಿಗೆ ದೂರು ಕೊಡಬೇಕು. ಅವರು ಗೌರವ ವನ್ಯಜೀವಿ ವಾರ್ಡನ್ ಎಂಬ ನೆಲೆಯಲ್ಲಿ ಅನುಮತಿ ನೀಡಿದರೆ, ಪಟ್ಟಿಯಲ್ಲಿ ಹೆಸರಿರುವ ಲೈಸನ್ಸುದಾರರು ಮಾತ್ರ ಕೊಲ್ಲಬಹುದು. ಉರುಳು, ವಿಷ, ಸ್ಫೋಟಕ, ವಿದ್ಯುತ್ ತಂತಿ ಇವಾವುವನ್ನೂ ಬಳಸುವಂತಿಲ್ಲ. ಕೊಂದ ಹಂದಿಯ ಮಾಂಸವನ್ನು ತಿನ್ನುವುದಕ್ಕೂ ಅನುಮತಿಯಿಲ್ಲ, ಅದನ್ನು ಹೂಳಬೇಕು.